ದುರಸ್ತಿಗೆ ಬಂದ ಮನೆಯನ್ನು ಕೊಳ್ಳಬಹುದೇ?

ನಮ್ಮ ಸದಸ್ಯ ಕುಟುಂಬಗಳ ಮಕ್ಕಳು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ ಬೆಂಗಳೂರಿನ ಹೊರವಲಯದಲ್ಲಿ ನೆಲೆಸುತ್ತಿದ್ದಾರೆ. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಸಂಸ್ಥೆಗಳ ಕೆಲಸ, ಪೀಣ್ಯದಲ್ಲಿ ಕಾರ್ಖಾನೆಗಳ ಕೆಲಸ. ಬಾಡಿಗೆ ಕಟ್ಟಿ ಬೇಸತ್ತ ಮಕ್ಕಳು ಊರಿಗೆ ಬಂದಾಗ, ಅಲ್ಲೊಂದು ಹಳೆಯ ಮನೆ ಮಾರಾಟಕ್ಕಿದೆ, ಸ್ವಲ್ಪ ರಿಪೇರಿ ಮಾಡಿಸಿದರೆ ಸಾಕು, ಹೊಸ ಮನೆಗಿಂತ ಎಷ್ಟೋ ಅಗ್ಗ ಎಂದು ಹೇಳುತ್ತಾರೆ. 2024 ಮತ್ತು 2025ರಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದದ್ದರಿಂದ ಕೆಲವರ ಕೈಯಲ್ಲಿ ನಾಲ್ಕು ಕಾಸು ಇದೆ. ಇನ್ನು ಕೆಲವರು ತೋಟದ ಒಂದು ತುಂಡನ್ನು ಮಾರುವ ಯೋಚನೆಯಲ್ಲಿದ್ದಾರೆ. ಇಂತಹ ಮನೆಯನ್ನು ಕೊಳ್ಳಬಹುದೇ ಎಂದು ಸಂಘದ ಕಚೇರಿಗೆ ಬಂದು ಕೇಳುವವರು ಹೆಚ್ಚಾಗಿರುವುದರಿಂದ, ನಮಗೆ ತಿಳಿದಷ್ಟನ್ನು ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇವೆ.

ಪಾಳು ಬಿದ್ದ ತೋಟವನ್ನು ಕೊಳ್ಳುವಾಗ ನಾವು ಏನು ನೋಡುತ್ತೇವೆಂಬುದನ್ನು ನೆನಪಿಗೆ ತಂದುಕೊಳ್ಳಿ. ಕಳೆ ಎಷ್ಟಿದೆ, ಬೇಲಿ ಬಿದ್ದಿದೆಯೇ ಎಂಬುದಕ್ಕೆ ಯಾರೂ ಹೆದರುವುದಿಲ್ಲ. ಕಳೆಯನ್ನು ಕೀಳಬಹುದು, ಬೇಲಿಯನ್ನು ಕಟ್ಟಬಹುದು, ಹೋದ ಗಿಡದ ಜಾಗಕ್ಕೆ ಬೇರೆ ಗಿಡ ಇಡಬಹುದು. ಆದರೆ ಗಡಿಯ ತಕರಾರು, ನೀರಿಲ್ಲದ ನೆಲ, ಬಸಿಯದ ತಗ್ಗು, ಇವು ಎಷ್ಟು ಹಣ ಸುರಿದರೂ ಸರಿಯಾಗುವುದಿಲ್ಲ. ಮನೆಯ ವಿಷಯವೂ ಹಾಗೆಯೇ. ದುರಸ್ತಿಯಾಗುವ ದೋಷಗಳು ಯಾವುವು, ಆಗದ ದೋಷಗಳು ಯಾವುವು ಎಂದು ಮೊದಲು ವಿಂಗಡಿಸಬೇಕು. ಆಗದ ದೋಷ ಒಂದಿದ್ದರೂ ಬೆಲೆಯ ಮಾತನ್ನೇ ಎತ್ತಬಾರದು. ಆಗುವ ದೋಷಗಳಾದರೆ ಉಳಿಯುವುದು ಬರೀ ಲೆಕ್ಕ. ಬಹಳ ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಸುಣ್ಣಬಣ್ಣ ಹೋದ ಗೋಡೆಯನ್ನು ತೋರಿಸಿ ಬೆಲೆ ಇಳಿಸಿಕೊಂಡು ಸಂತೋಷಪಡುತ್ತಾರೆ, ಕಾಗದಪತ್ರವನ್ನು ಮುಂಗಡ ಕೊಟ್ಟ ಮೇಲೆ ಓದುತ್ತಾರೆ.

ನೆಲದ ಬೆಲೆಯೋ, ಮನೆಯ ಬೆಲೆಯೋ?

ವೈಟ್‌ಫೀಲ್ಡ್ ಮೊದಲಿಗೆ ಬೇಸಾಯಗಾರರ ನೆಲೆಯಾಗಲೆಂದು ಹುಟ್ಟಿದ ಊರು. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ನೆಲ ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರು ಊರಿಗೆ ನಿಂತಿತು. ಆಗ ಕಟ್ಟಿದ ದಪ್ಪ ಗೋಡೆಯ, ಹೆಂಚಿನ ಮಾಡಿನ, ಸುತ್ತ ತೋಟವಿದ್ದ ಮನೆಗಳಲ್ಲಿ ಇಂದು ಬೆರಳೆಣಿಕೆಯವು ಉಳಿದಿವೆ. ಪೀಣ್ಯ ಕೈಗಾರಿಕಾ ಪ್ರದೇಶವೂ ಎಲೆಕ್ಟ್ರಾನಿಕ್ ಸಿಟಿಯೂ ಎಪ್ಪತ್ತರ ದಶಕದಲ್ಲಿ ರೂಪುಗೊಂಡವು. ಈಗ ಮಾರಾಟಕ್ಕೆ ಬರುವ ಹಳೆಯ ಮನೆಗಳಲ್ಲಿ ಬಹುಪಾಲು ಆಮೇಲಿನ ಎರಡು ಮೂರು ದಶಕಗಳಲ್ಲಿ ಕಾರ್ಖಾನೆ ನೌಕರರೂ, ನಿವೃತ್ತರೂ, ಹಳ್ಳಿಯ ಮೂಲನಿವಾಸಿಗಳೂ ಕಟ್ಟಿಸಿಕೊಂಡ ತಾರಸಿ ಮನೆಗಳು.

ಮೆಟ್ರೋ ರೈಲು 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಬಂದಿತು. ಹತ್ತಿರದ ನೆಲದ ಬೆಲೆ ಏರಿತು. ಆದರೆ ನೆಲ ಏರಿದಂತೆ ಅದರ ಮೇಲಿನ ಮನೆ ಏರುವುದಿಲ್ಲ. ಕಟ್ಟಡದ ಬೆಲೆ ವರ್ಷ ವರ್ಷವೂ ಸವೆಯುತ್ತದೆ. ಆದ್ದರಿಂದ ಮಾರುವವರು ಹೇಳಿದ ಬೆಲೆಯಲ್ಲಿ ನೆಲಕ್ಕೆಷ್ಟು, ಮನೆಗೆಷ್ಟು ಎಂದು ಬಿಡಿಸಿ ಕೇಳಬೇಕು. ಅದೇ ಬೀದಿಯ ಖಾಲಿ ನಿವೇಶನಕ್ಕೆ ಏನು ದರ ನಡೆದಿದೆ ಎಂದು ವಿಚಾರಿಸಿದರೆ ಮನೆಗೆ ಹಾಕಿದ ಬೆಲೆ ತಾನಾಗಿಯೇ ಹೊರಬೀಳುತ್ತದೆ. ಕೆಡವದೆ ಬೇರೆ ದಾರಿಯಿಲ್ಲದ ಮನೆಯಾದರೆ ಅದರ ಬೆಲೆ ಸೊನ್ನೆಗಿಂತಲೂ ಕಡಿಮೆ. ಕೆಡವಿ ಮಣ್ಣು ಸಾಗಿಸುವ ಖರ್ಚು ಕೊಳ್ಳುವವರ ತಲೆಯ ಮೇಲೆ.

ಮೊದಲ ಪರೀಕ್ಷೆ: ಕಾಗದಪತ್ರ

ಹೊರವಲಯದ ಮನೆಗಳ ಕಾಗದಪತ್ರ ತೊಡಕಾಗಿರುವುದಕ್ಕೆ ಒಂದು ಚರಿತ್ರೆ ಇದೆ. ಇವು ಒಂದು ಕಾಲಕ್ಕೆ ಗ್ರಾಮ ಪಂಚಾಯಿತಿಗಳ ಹೊಲಗದ್ದೆ. ಮುಂದೆ ಮಹದೇವಪುರ, ದಾಸರಹಳ್ಳಿ, ಬೊಮ್ಮನಹಳ್ಳಿ ಮೊದಲಾದ ನಗರಸಭೆಗಳಾದವು. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಅದೂ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ಹೀಗೆ ಒಂದೇ ಮನೆಯ ಕಾಗದಗಳು ಮೂರು ನಾಲ್ಕು ಕಚೇರಿಗಳ ಮೊಹರು ಹೊತ್ತಿರುತ್ತವೆ. ಎಲ್ಲವನ್ನೂ ತಿಳಿದ ವಕೀಲರೊಬ್ಬರಿಗೆ ತೋರಿಸುವುದು ಅಗತ್ಯ. ಆದರೆ ಕೆಳಗಿನವನ್ನು ನಾವೇ ಕೇಳಿ ನೋಡಬಹುದು.

ಒಂದು, ಮೂಲಪತ್ರದಿಂದ ಇಂದಿನವರೆಗೆ ಕ್ರಯಪತ್ರಗಳ ಸರಪಳಿ ತುಂಡಾಗದೆ ಬಂದಿದೆಯೇ? ಕನಿಷ್ಠ 30 ವರ್ಷಗಳ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ ನೋಡಿ. ನಡುವೆ ಎಲ್ಲಿಯಾದರೂ ಬರೀ ಜಿ.ಪಿ.ಎ. ಮತ್ತು ಕರಾರು ಪತ್ರದ ಮೇಲೆ ಕೈ ಬದಲಾಗಿದ್ದರೆ ಅಲ್ಲಿಯೇ ನಿಲ್ಲಿ. ಅಂತಹ ವ್ಯವಹಾರದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ.

ಎರಡು, ಪಿತ್ರಾರ್ಜಿತ ಆಸ್ತಿಯಾದರೆ ಎಲ್ಲ ಪಾಲುದಾರರೂ ಸಹಿ ಹಾಕುತ್ತಾರೆಯೇ? ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ, ಅಕ್ಕತಂಗಿಯರ ಸಹಿಯಿಲ್ಲದ ಕ್ರಯಪತ್ರ ಮುಂದೊಂದು ದಿನ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು. ವಂಶವೃಕ್ಷವನ್ನು ಕೇಳುವುದಕ್ಕೆ ಸಂಕೋಚ ಬೇಡ.

ಮೂರು, ಮೂಲದಲ್ಲಿ ಆ ನೆಲ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ್ದೇ? ಹಾಗಾದರೆ 1978ರ ಪರಭಾರೆ ನಿಷೇಧ ಕಾಯ್ದೆ, ಜನರ ಬಾಯಲ್ಲಿ ಪಿ.ಟಿ.ಸಿ.ಎಲ್., ಅನ್ವಯಿಸುತ್ತದೆ. ಸರಕಾರದ ಪೂರ್ವಾನುಮತಿಯಿಲ್ಲದೆ ಆದ ಮಾರಾಟ ಊರ್ಜಿತವಲ್ಲ. ಬಡವರ ನೆಲವನ್ನು ಉಳಿಸಲು ಮಾಡಿದ ಕಾಯ್ದೆ ಅದು. ಮಂಜೂರಾತಿಯ ಮೂಲ ದಾಖಲೆಯನ್ನು ನೋಡದೆ ಮುಂದುವರಿದವರು ಅದನ್ನು ದೂರುವಂತಿಲ್ಲ.

ನಾಲ್ಕು, ಕೃಷಿಭೂಮಿಯನ್ನು ವಾಸಕ್ಕೆಂದು ಪರಿವರ್ತಿಸಿದ ಆದೇಶ, ಬಡಾವಣೆಯ ನಕ್ಷೆ, ಕಟ್ಟಡದ ಮಂಜೂರಾದ ನಕ್ಷೆ ಇವೆಯೇ? ಖಾತೆ ಎ ಯೋ, ಬಿ ಯೋ? 2024ರ ಕೊನೆಯಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಬೇಕೇ ಬೇಕು. ಬಿ-ಖಾತೆ ಎಂದರೆ ತೆರಿಗೆ ಕಟ್ಟಿಸಿಕೊಳ್ಳುವುದಕ್ಕಾಗಿ ಇಟ್ಟ ಪುಸ್ತಕ. ನಿಯಮಬದ್ಧ ನಿವೇಶನವೆಂಬ ಒಪ್ಪಿಗೆಯಲ್ಲ. ದುರಸ್ತಿಗೆಂದು ಕೊಳ್ಳುವವರಿಗೆ ಇದು ಎಲ್ಲರಿಗಿಂತ ಹೆಚ್ಚು ಮುಖ್ಯ. ಸುಣ್ಣಬಣ್ಣ, ನೆಲಹಾಸು, ಕೊಳಾಯಿಗೆ ನಕ್ಷೆ ಬೇಡ. ಮಹಡಿ ಏರಿಸುವುದಕ್ಕೆ, ಕೆಡವಿ ಕಟ್ಟುವುದಕ್ಕೆ ನಕ್ಷೆ ಬೇಕು. ಬಿ-ಖಾತೆಗೆ ನಕ್ಷೆ ಸಿಗುವುದಿಲ್ಲ, ಬ್ಯಾಂಕಿನ ಸಾಲವೂ ಕಷ್ಟ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಬಿ-ಖಾತೆಯ ನಿವೇಶನಗಳಿಗೆ ಶುಲ್ಕ ಪಡೆದು ಎ-ಖಾತೆ ಕೊಡುವ ವ್ಯವಸ್ಥೆಯನ್ನು ಸರಕಾರ 2025ರಲ್ಲಿ ತಂದಿತು. "ನೀವೇ ಮಾಡಿಸಿಕೊಳ್ಳಿ, ಸುಲಭ" ಎನ್ನುವ ಮಾರಾಟಗಾರರಿಗೆ, ಸುಲಭವಾದರೆ ನೀವೇ ಮಾಡಿಸಿ ಕೊಡಿ ಎಂದು ವಿನಯದಿಂದ ಹೇಳಿ.

ಐದು, ಮನೆಯ ಮೇಲೆ ರಸ್ತೆ ಅಗಲೀಕರಣದ, ಹೊಸ ರಸ್ತೆಯ ಗೆರೆ ಬಿದ್ದಿದೆಯೇ? ಪೆರಿಫೆರಲ್ ರಿಂಗ್ ರಸ್ತೆಗೆಂದು ಸುಮಾರು ಎರಡು ದಶಕಗಳ ಹಿಂದೆ ಅಧಿಸೂಚನೆಯಾದ ನೆಲದ ಒಡೆಯರು ಮಾರಲಾರದೆ, ಕಟ್ಟಲಾರದೆ ಪಟ್ಟ ಪಾಡು ನಮ್ಮ ಕಣ್ಣ ಮುಂದಿದೆ.

ಎರಡನೆಯ ಪರೀಕ್ಷೆ: ನೆಲ ಮತ್ತು ನೀರು

ಬೆಂಗಳೂರಿನ ಕೆರೆಗಳನ್ನು ಒಂದಕ್ಕೊಂದು ಪೋಣಿಸಿದ್ದ ರಾಜಕಾಲುವೆಗಳ ದಾರಿಯಲ್ಲಿ ಎಷ್ಟೋ ಮನೆಗಳು ಎದ್ದಿವೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ದುಬಾರಿ ಬಡಾವಣೆಗಳಲ್ಲೂ ಜನರನ್ನು ದೋಣಿ, ಟ್ರಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಆಮೇಲೆ ಒತ್ತುವರಿ ತೆರವಿನ ಯಂತ್ರಗಳೂ ಬಂದವು. ಆದ್ದರಿಂದ ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರಿನ ಪಕ್ಕ ಕೆರೆ, ಕಾಲುವೆ ಇದೆಯೇ ಎಂದು ನೋಡತಕ್ಕದ್ದು. ಇಂದು ಅಲ್ಲಿ ಕಾಲುವೆ ಕಾಣದಿದ್ದರೆ ಸಂಶಯ ಕಡಿಮೆಯಾಗಬಾರದು, ಹೆಚ್ಚಾಗಬೇಕು.

ಮನೆಯನ್ನು ಬೇಸಗೆಯಲ್ಲಿ ಒಮ್ಮೆ, ಜೋರು ಮಳೆ ಬಿದ್ದ ಮಾರನೆಯ ದಿನ ಒಮ್ಮೆ ನೋಡಿ. ಮತ್ತೆ ಮತ್ತೆ ಡಾಂಬರು ಹಾಕಿ ಬೀದಿ ಎತ್ತರವಾಗಿ, ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗೆ ಇಳಿದಿರುವುದು ಹಳೆಯ ಬಡಾವಣೆಗಳಲ್ಲಿ ಸಾಮಾನ್ಯ. ಜಾಕಿ ಕೊಟ್ಟು ಇಡೀ ಮನೆಯನ್ನು ಎತ್ತುವವರು ಇದ್ದಾರೆ, ಆದರೆ ಅದರ ಖರ್ಚು ಸೇರಿದರೆ ಮನೆ ಅಗ್ಗವಾಗಿ ಉಳಿಯುವುದಿಲ್ಲ. ಗೋಡೆಯಲ್ಲಿ ಒಂದೇ ಮಟ್ಟಕ್ಕೆ ನೀರು ನಿಂತ ಗೆರೆ ಇದೆಯೇ ನೋಡಿ. ಎದುರಿನ ಅಂಗಡಿಯವರನ್ನು ಕೇಳಿ. ಅವರಿಗೆ ಮನೆ ಮಾರಬೇಕಾದ್ದಿಲ್ಲ.

ಕುಡಿಯುವ ನೀರಿನ ವಿಷಯ. 2024ರ ಬೇಸಗೆಯಲ್ಲಿ ಹೊರವಲಯದ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಜನ ಕಾದದ್ದನ್ನು ಎಲ್ಲರೂ ಬಲ್ಲರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಅದು. ಆದರೆ ಬೀದಿಯಲ್ಲಿ ಕೊಳವೆ ಇದ್ದ ಮಾತ್ರಕ್ಕೆ ಮನೆಯಲ್ಲಿ ನೀರು ಇದೆಯೆಂದಲ್ಲ. ಜಲಮಂಡಳಿಯ ಬಿಲ್ಲನ್ನು ಕೇಳಿ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಒಳಚರಂಡಿಯ ಜೋಡಣೆ ಇದೆಯೇ ಎಂದು ತಿಳಿಯಿರಿ. ಪೀಣ್ಯದ ಸುತ್ತಮುತ್ತ ಇನ್ನೂ ಒಂದು ಎಚ್ಚರ ಬೇಕು. ಲೋಹಕ್ಕೆ ಮೆರುಗು ಲೇಪ ಕೊಡುವ ಘಟಕಗಳ ತ್ಯಾಜ್ಯದಿಂದ ಅಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕುದಿಸಿದರೆ ಅದು ಹೋಗುವುದಿಲ್ಲ. ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು, ವರದಿ ಬಂದ ಮೇಲೆಯೇ ಮಾತು ಮುಂದುವರಿಸಬೇಕು.

ಮೂರನೆಯ ಪರೀಕ್ಷೆ: ಕಟ್ಟಡ

ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಕೆಲಕಾಲ ಹಸಿರಾಗಿಯೇ ಕಾಣುತ್ತದೆ, ಒಳಗೆ ಟೊಳ್ಳು. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದ ಮನೆಯೂ ಹಾಗೆ. ತುಕ್ಕು ಹಿಡಿದ ಕಂಬಿ ಹಿಗ್ಗಿ, ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ತಾರಸಿಯ ಕೆಳಮೈಯಲ್ಲಿ ಕಂದು ಕಲೆ, ಕಂಬಿಯ ಉದ್ದಕ್ಕೂ ಬಿರುಕು, ಚಕ್ಕೆ ಉದುರಿದ ಜಾಗ, ತಟ್ಟಿದರೆ ಪೊಳ್ಳು ಸದ್ದು, ಇವು ಗುರುತುಗಳು. ಈಚೆಗೆ ಬಣ್ಣ ಬಳಿದ, ಹೊಸದಾಗಿ ಸುಳ್ಳು ಚಾವಣಿ ಹಾಕಿಸಿದ ಹಳೆಯ ಮನೆಯಲ್ಲಿ ಇನ್ನೂ ಹೆಚ್ಚು ಎಚ್ಚರದಿಂದ ನೋಡಿ.

ಬಿರುಕುಗಳೆಲ್ಲ ಒಂದೇ ಅಲ್ಲ. ಗಾರೆಯ ಮೇಲಿನ ಕೂದಲೆಳೆಯ ಬಿರುಕಿಗೆ ಅಂಜಬೇಕಾಗಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಎರಡೂ ಮಗ್ಗುಲಲ್ಲಿ ಕಾಣುವ, ನಾಣ್ಯ ತೂರುವಷ್ಟು ಅಗಲದ ಬಿರುಕು ಪಾಯ ಕುಸಿದದ್ದರ ಲಕ್ಷಣವಾಗಿರಬಹುದು. ಅಂತಹ ಬಿರುಕಿಗೆ ಅಡ್ಡವಾಗಿ ಗಾರೆಯಿಂದ ಗಾಜಿನ ಚೂರೊಂದನ್ನು ಅಂಟಿಸಿ ಕೆಲವು ತಿಂಗಳು ಬಿಡುವುದು ಹಳೆಯ ಮೇಸ್ತ್ರಿಗಳ ಕ್ರಮ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆಯೆಂದು ಅರ್ಥ.

ಮನೆ ನಿಂತಿರುವುದು ಗೋಡೆಯ ಮೇಲೋ, ಕಂಬಗಳ ಮೇಲೋ ಎಂಬುದನ್ನು ತಿಳಿಯದೆ ಯಾವ ಬದಲಾವಣೆಯನ್ನೂ ಯೋಚಿಸಬಾರದು. ಗೋಡೆಯೇ ಭಾರ ಹೊತ್ತ ಮನೆಯಲ್ಲಿ ಹಜಾರ ದೊಡ್ಡದಾಗಲೆಂದು ನಡುಗೋಡೆ ತೆಗೆಯುವಂತಿಲ್ಲ. ಇನ್ನೊಂದು ಮಹಡಿ ಏರಿಸುವುದೂ ಪಾಯವನ್ನು ನೋಡಿಯೇ ತೀರ್ಮಾನಿಸಬೇಕಾದ ವಿಷಯ. ಹೆಂಚಿನ ಮನೆಯಾದರೆ ತೊಲೆ, ಪಕಾಸಿಗಳ ಗೋಡೆಯೊಳಗಿನ ತುದಿಯನ್ನು ಚೂಪಾದ ಮೊಳೆಯಿಂದ ಚುಚ್ಚಿ ಗೆದ್ದಲು ನೋಡಿ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಕೆಡುತ್ತದೆ; ಅದಕ್ಕೆ ಸುಣ್ಣದ ಗಾರೆಯೇ ತಕ್ಕದ್ದು.

ವಿದ್ಯುತ್ ತಂತಿ, ತುಕ್ಕು ಹಿಡಿದ ಕೊಳಾಯಿ, ಸೋರುವ ಬಚ್ಚಲು, ಕಿಟಕಿ ಬಾಗಿಲು, ನೆಲಹಾಸು, ಇವೆಲ್ಲ ಕಳೆ ಕೀಳುವ ಕೆಲಸ. ಕಣ್ಣಿಗೆ ಅಸಹ್ಯ, ಹಣಕ್ಕೆ ಬಗ್ಗುತ್ತವೆ. ಕಂಬ, ತೊಲೆ, ಪಾಯಗಳ ಬಗ್ಗೆ ಮಾತ್ರ ಕಟ್ಟಡ ರಚನೆಯಲ್ಲಿ ಪರಿಣತಿ ಪಡೆದ ಎಂಜಿನಿಯರರ ಲಿಖಿತ ವರದಿ ಬೇಕು. ಅವರಿಗೆ ಶುಲ್ಕ ಕೊಡುವವರು ನಾವಾಗಿರಬೇಕು. ದಲ್ಲಾಳಿಯೂ ಅಲ್ಲ, ಮುಂದೆ ಕೆಲಸ ಹಿಡಿಯಲಿರುವ ಕಂಟ್ರಾಕ್ಟರೂ ಅಲ್ಲ.

ಕೊನೆಗೆ ಲೆಕ್ಕ

ಮೂರೂ ಪರೀಕ್ಷೆಯಲ್ಲಿ ಮನೆ ಗೆದ್ದಿತೆನ್ನಿ. ಈಗ ಬೆಲೆ. ಮಾರುವವರ ಬೆಲೆಯಿಂದ ಮುಂದಕ್ಕೆ ಎಣಿಸಬೇಡಿ. ಅದೇ ಬೀದಿಯ ಸುಸ್ಥಿತಿಯ ಮನೆಯ ಬೆಲೆಯಿಂದ ಹಿಂದಕ್ಕೆ ಎಣಿಸಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು ಸರ್‌ಚಾರ್ಜು ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು 2 ಆಗಿದೆ. ಒಟ್ಟು ಶೇ. 7.6.

ಲೆಕ್ಕ ಹಾಕುವ ಬಗೆಯನ್ನು ತೋರಿಸಲು ಮಾತ್ರ ಒಂದು ಉದಾಹರಣೆ ಕೊಡುತ್ತೇವೆ. ಸುಸ್ಥಿತಿಯ ಮನೆಗೆ 1 ಕೋಟಿ 30 ಲಕ್ಷ ಬೆಲೆಯೆಂದು ಇಟ್ಟುಕೊಳ್ಳಿ. ಶುಲ್ಕ 9.88 ಲಕ್ಷ ಸೇರಿ 139.88 ಲಕ್ಷ. ಪಕ್ಕದ ಹಳೆಯ ಮನೆಗೆ ಎಂಜಿನಿಯರರು 20 ಲಕ್ಷದ ದುರಸ್ತಿ ಹೇಳಿದ್ದಾರೆ. ಗೋಡೆ ಒಡೆದ ಮೇಲೆ ಕಾಣುವ ದೋಷಗಳಿಗೆಂದು ಅದರ ಕಾಲು ಭಾಗ, 5 ಲಕ್ಷ. ಕೆಲಸ ಮುಗಿಯುವ ತನಕ ಆರು ತಿಂಗಳ ಬಾಡಿಗೆ, ತಿಂಗಳಿಗೆ 25,000ದಂತೆ ಒಂದೂವರೆ ಲಕ್ಷ. ಈ 26.5 ಲಕ್ಷವನ್ನು ಕಳೆದು, ಉಳಿದದ್ದರಿಂದ ಶುಲ್ಕ ತೆಗೆದರೆ ಸುಮಾರು 1 ಕೋಟಿ 5 ಲಕ್ಷ. ಅಂದರೆ ಹಳೆಯ ಮನೆಗೆ ಅಷ್ಟು ಕೊಟ್ಟರೆ ಎರಡೂ ಸಮ. ಪಟ್ಟ ಶ್ರಮಕ್ಕೆ ಪ್ರತಿಫಲ ಸೊನ್ನೆ. 95 ಲಕ್ಷಕ್ಕೆ ಸಿಕ್ಕಿದರೆ ಒಟ್ಟು 128.72 ಲಕ್ಷವಾಗಿ, 11.16 ಲಕ್ಷ ಉಳಿತಾಯ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ತಿಳಿಯುವುದೇ ಅಪಾಯ. ಬ್ಯಾಂಕು ಮನೆಸಾಲ ಕೊಡುವುದು ಮನೆಯ ಬೆಲೆಯ ಮೇಲೆ. ಶುಲ್ಕಕ್ಕೂ ದುರಸ್ತಿಗೂ ಅದರಲ್ಲಿ ಪಾಲಿಲ್ಲ. ಬೆಲೆಯ ಶೇ. 75ರಷ್ಟು ಸಾಲ ಸಿಕ್ಕಿತೆಂದರೆ, ಸುಸ್ಥಿತಿಯ ಮನೆಗೆ 97.5 ಲಕ್ಷ ಸಾಲ, ಕೈಯಿಂದ 42.38 ಲಕ್ಷ. ಹಳೆಯ ಮನೆಗೆ 71.25 ಲಕ್ಷ ಸಾಲ, ಕೈಯಿಂದ 57.47 ಲಕ್ಷ. ಒಟ್ಟಿನಲ್ಲಿ 11 ಲಕ್ಷ ಅಗ್ಗವಾದ ಮನೆಗೆ ಕೈಯಿಂದ 15 ಲಕ್ಷ ಹೆಚ್ಚು ಹಾಕಬೇಕು. ಮುಂದೆ ಕಂತು ಕಡಿಮೆಯೆಂಬುದು ನಿಜ, ಆದರೆ ಮೊದಲ ವರ್ಷದ ನಗದು ಎಲ್ಲಿಂದ? ತೋಟ ಮಾರುವ ಮಾತು ಬರುವುದು ಇಲ್ಲಿಯೇ. ದುರಸ್ತಿಗೆ ಬೇರೆ ಸಾಲ ಕೊಡುವ ಬ್ಯಾಂಕುಗಳಿವೆ. ಅದು ಎಷ್ಟು, ಯಾವ ಷರತ್ತಿನ ಮೇಲೆ ಎಂಬುದನ್ನು ಕರಾರಿಗೆ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಇನ್ನೆರಡು ಮಾತು. ಮುಂಗಡವನ್ನು ನಗದಿನಲ್ಲಿ ಕೊಡಬೇಡಿ, ಬ್ಯಾಂಕಿನ ಮೂಲಕವೇ ಕೊಡಿ. ಬೆಲೆ 50 ಲಕ್ಷ ಅಥವಾ ಮೇಲಾದರೆ ಶೇ. 1 ಆದಾಯ ತೆರಿಗೆಯನ್ನು ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ನಿಯಮ ಬೇರೆ, ಹಿಡಿಯಬೇಕಾದ ದರವೂ ಹೆಚ್ಚು. ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರು ಖಾಲಿ ಮಾಡಿದ ಮೇಲೆಯೇ ನೋಂದಣಿ.

ತೋಟದ ಮಾತು

ಮಕ್ಕಳಿಗೆ ನೆರಳಾಗಲೆಂದು ಹಿರಿಯರು ಆಸೆಪಡುವುದರಲ್ಲಿ ತಪ್ಪಿಲ್ಲ. ಆದರೆ ತೋಟ ದುಡಿದು ಕೊಡುತ್ತದೆ, ಸ್ವಂತ ವಾಸದ ಮನೆ ದುಡಿಯುವುದಿಲ್ಲ. 1994ರಲ್ಲಿ ಬ್ರೆಜಿಲಿನ ಹಿಮದಿಂದ ಕಾಫಿಯ ಬೆಲೆ ಗಗನಕ್ಕೇರಿದ್ದನ್ನೂ, 2001ರ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟದಂತೆ ಕುಸಿದದ್ದನ್ನೂ ನಮ್ಮ ಪೀಳಿಗೆಯವರು ಮರೆತಿಲ್ಲ. ಎರಡು ವರ್ಷದ ಬೆಲೆಯನ್ನು ನಂಬಿ ಇಪ್ಪತ್ತು ವರ್ಷದ ಕಂತಿಗೆ ತೋಟವನ್ನು ಜಾಮೀನು ಕೊಡಬಾರದು. ಕಂತು ಮಕ್ಕಳ ಸಂಬಳದಿಂದಲೇ ತೀರುವಂತಿರಬೇಕು. ಕೃಷಿಗೆಂದು ಬಡ್ಡಿಯಿಲ್ಲದೆ ಕೊಡುವ ಬೆಳೆಸಾಲವನ್ನು ಮನೆಯ ಮುಂಗಡಕ್ಕೆ ತಿರುಗಿಸುವುದಂತೂ ಸಂಘಕ್ಕೂ ಸದಸ್ಯರಿಗೂ ಕೇಡು. ಗಡುವಿಗೆ ಕಟ್ಟದಿದ್ದರೆ ಬಡ್ಡಿ ರಿಯಾಯಿತಿ ಹೋಗುತ್ತದೆ, ಮರುವರ್ಷ ಗೊಬ್ಬರಕ್ಕೆ ಹಣವಿರುವುದಿಲ್ಲ.

ಹಾಗಾದರೆ ಹಳೆಯ ಮನೆ ಬೇಡವೇ? ಬೇಡವೆಂದು ನಾವು ಹೇಳುತ್ತಿಲ್ಲ. ಕಾಗದ ನೆಟ್ಟಗಿದ್ದು, ನೆಲ ಎತ್ತರವಾಗಿದ್ದು, ನೀರು ಶುದ್ಧವಾಗಿದ್ದು, ಪಾಯ ಗಟ್ಟಿಯಿದ್ದು, ಬರೀ ಮೈ ಮಾಸಿದ ಮನೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ವ್ಯವಹಾರ ಕಡಿಮೆ. ಹತ್ತಾರು ವರ್ಷ ಮಳೆ ಬಿಸಿಲು ಕಂಡು ನಿಂತ ಮನೆ ತನ್ನ ಗುಣವನ್ನು ಆಗಲೇ ತೋರಿಸಿರುತ್ತದೆ. ಹೊಸ ಮನೆಯ ಗುಣ ತಿಳಿಯುವುದು ಕೊಂಡ ಮೇಲೆ. ಕಾಗದ, ನೆಲ ಮತ್ತು ನೀರು, ಕಟ್ಟಡ, ಲೆಕ್ಕ ಎಂಬ ಕ್ರಮ ಮಾತ್ರ ತಪ್ಪಬಾರದು. ಮೊದಲ ಮೂರರಲ್ಲಿ ಯಾವುದೊಂದು ಸೋತರೂ ಹಿಂದಿರುಗಿ ಬರುವುದಕ್ಕೆ ನಾಚಿಕೆ ಬೇಡ. ವಕೀಲರಿಗೆ, ಎಂಜಿನಿಯರರಿಗೆ, ನೀರಿನ ಪರೀಕ್ಷೆಗೆ ಕೊಟ್ಟ ಹಣ ನಷ್ಟವಲ್ಲ. ತೋಟ ಉಳಿಸಿದ ಹಣ. ಆದ್ದರಿಂದ ಸದಸ್ಯ ಬಾಂಧವರು ಮುಂಗಡ ಕೊಡುವ ಮೊದಲೇ ಈ ಖರ್ಚನ್ನು ಮಾಡಬೇಕೆಂದು ವಿನಂತಿ.